ಬೆಕ್ಕು ಯಾಕೆ ಏಳು ಮನೆ ಸುತ್ತುತ್ತೆ?

(1/6)
ಹೋದ ತಿಂಗಳು ನಮ್ಮನೆ ಅಟ್ಟದ ಮೇಲೆ ಬೆಕ್ಕು ಮೂರು ಮರಿ ಹಾಕಿದ್ದನ್ನ ಸ್ಟೋರಿ ಹಾಕಿದ್ದೆ, ನೆನಪಿದ್ಯಾ? ಆಮೇಲೆ ಮರಿಗಳು ಎಲ್ಲಿ ಅಂತ ತುಂಬಾ ಜನ ಕೇಳಿದ್ರಿ. ಹೇಳೋಕೆ ನಾಚಿಕೆ ಆಗಿತ್ತು. ಇವತ್ತು ಹೇಳ್ತೀನಿ. ಅದಕ್ಕೂ ಮೊದಲು ಸ್ವಲ್ಪ ಇತಿಹಾಸ.

(2/6)
ದನ, ಕುರಿ, ಮೇಕೆನ ಮನುಷ್ಯನೇ ಹಿಡಿದು ಪಳಗಿಸಿದ. ಬೆಕ್ಕು ಹೆಚ್ಚುಕಮ್ಮಿ ತಾನಾಗೇ ಬಂತು. ಸುಮಾರು 10,000 ವರ್ಷದ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಜನ ದವಸ ಬೆಳೆದು ಕೂಡಿಡೋಕೆ ಶುರು ಮಾಡಿದ್ರು. ದವಸಕ್ಕೆ ಇಲಿ ಬಂತು, ಇಲಿಗೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿದೆ. ಅಲ್ಲಿ ಮನುಷ್ಯನ ಹತ್ತಿರದಲ್ಲೇ ಒಂದು ಬೆಕ್ಕನ್ನೂ ಹೂತಿದ್ದಾರೆ. ನಮ್ಮ ಬಂಗಾರಪೇಟೆ ಅಕ್ಕಿ ಅಂಗಡಿಗಳಲ್ಲಿ ಮೂಟೆ ಮೇಲೆ ಮಲಗಿರೋ ಬೆಕ್ಕು ಇವತ್ತಿಗೂ ಅದೇ ಹಳೇ ಒಪ್ಪಂದದ ಮೇಲೆ ಇದೆ.

(3/6)
ನಮ್ಮ ಜೊತೆ ಇದ್ರೂ ಅದರ ಭಾಷೆ ಬಹುಪಾಲು ತಾಯಿ-ಮರಿ ಭಾಷೆನೇ. ದೊಡ್ಡ ಬೆಕ್ಕುಗಳು ಒಂದಕ್ಕೊಂದು 'ಮಿಯಾಂವ್' ಅನ್ನೋದು ಕಡಿಮೆ. ಮರಿ ತಾಯಿನ ಕರೆಯೋ ಆ ದನೀಲಿ ಅದು ನಮ್ಮನ್ನ ಕರೆಯುತ್ತೆ. ಮುಂಗಾಲಲ್ಲಿ ಹೊದಿಕೆನ ಹಿಟ್ಟಿನ ಥರ ನಾದುತ್ತಲ್ಲ, ಅದು ಹಾಲು ಕುಡಿವಾಗ ತಾಯಿ ಹೊಟ್ಟೆ ಒತ್ತಿದ ಅಭ್ಯಾಸ. ಕೆನ್ನೆ ಉಜ್ಜೋದು ತನ್ನ ವಾಸನೆ ನಮಗೆ ಹಚ್ಚೋಕೆ.

(4/6)
ನಮ್ಮ ಕಡೆಯವರೂ ಬೆಕ್ಕನ್ನ ಚೆನ್ನಾಗೇ ಗಮನಿಸಿದ್ದಾರೆ. ಮಹಾಬಲಿಪುರದಲ್ಲಿ 7ನೇ ಶತಮಾನದ ಪಲ್ಲವರ ದೊಡ್ಡ ಬಂಡೆ ಶಿಲ್ಪದಲ್ಲಿ ಒಂದು ಬೆಕ್ಕು ಕೈ ಮೇಲೆತ್ತಿ ತಪಸ್ಸು ಮಾಡ್ತಿದೆ, ಕಾಲ ಹತ್ತಿರ ಇಲಿಗಳು! ಬೇಟೆಗೆ ಮುಂಚೆ ಬೆಕ್ಕು ಅಲ್ಲಾಡದೆ ಕೂರೋದನ್ನ ನೋಡಿದವರಿಗೇ ಈ ತಮಾಷೆ ಹೊಳೆಯೋದು. ಕೃಷ್ಣದೇವರಾಯ ಕೊಟ್ಟ ಬೆಕ್ಕಿಗೆ ತೆನಾಲಿ ರಾಮ ಬಿಸಿಬಿಸಿ ಹಾಲು ಇಟ್ಟ ಕಥೆ ಗೊತ್ತಲ್ಲ? ಬಾಯಿ ಸುಟ್ಟ ಮೇಲೆ ಅದು ಹಾಲು ಕಂಡ್ರೇ ಓಡ್ತಿತ್ತು. ಕಥೆನೇ ಇರಬಹುದು, ಆದ್ರೆ ಒಂದ್ಸಲ ನೋವಾದ ಜಾಗ, ಹೆದರಿಸಿದ ಕೈ ಬೆಕ್ಕಿಗೆ ನೆನಪಿರೋದು ನಿಜ.

(5/6)
ನನಗೆ ಜಾಸ್ತಿ ಇಷ್ಟ ಆಗಿದ್ದು ಇದು. ರಾಮಾನುಜಾಚಾರ್ಯರು ನಮ್ಮ ಮೇಲುಕೋಟೆಯಲ್ಲೂ ಇದ್ದವರು. ಅವರ ನಂತರ ಶ್ರೀವೈಷ್ಣವರಲ್ಲಿ ಎರಡು ಪಂಗಡ ಆಯ್ತು. ವಡಗಲೆಯವರು ಹೇಳೋದು ಮರ್ಕಟ ನ್ಯಾಯ: ಕೋತಿಮರಿ ತಾಯಿನ ಗಟ್ಟಿಯಾಗಿ ಹಿಡ್ಕೊಳ್ಳೋ ಹಾಗೆ ಭಕ್ತ ದೇವರನ್ನ ಹಿಡೀಬೇಕು. ತೆಂಗಲೆಯವರದು ಮಾರ್ಜಾಲ ನ್ಯಾಯ: ಬೆಕ್ಕಿನ ಮರಿ ಏನೂ ಮಾಡಲ್ಲ, ತಾಯಿನೇ ಕಚ್ಕೊಂಡು ಹೋಗುತ್ತೆ. ಕತ್ತಿನ ಹಿಂದಿನ ಚರ್ಮ ಹಿಡಿದ ತಕ್ಷಣ ಮರಿ ಮೈ ಸಡಿಲ ಬಿಟ್ಟು ಸುಮ್ಮನಾಗೋದು ನಿಜಾನೇ. ಅದು ಒದ್ದಾಡಿದ್ರೆ ತಾಯಿಗೆ ಹೊತ್ಕೊಂಡು ಓಡೋಕೆ ಆಗಲ್ಲ.

(6/6)
'ಬೆಕ್ಕು ಮರಿಗಳನ್ನ ಏಳು ಮನೆ ಸುತ್ತಿಸುತ್ತೆ' ಅಂತ ನಮ್ಮಜ್ಜಿ ಹೇಳೋರು. ಶಾಸ್ತ್ರ ಅನ್ಕೊಂಡಿದ್ದೆ. ಅಲ್ಲ, ಅದು ಭಯ. ನಾಯಿ, ಗಂಡುಬೆಕ್ಕು, ಮನುಷ್ಯ, ಯಾರಾದ್ರೂ ಜಾಗ ಕಂಡುಹಿಡಿದ್ರು ಅನ್ನಿಸಿದ್ರೆ ತಾಯಿ ಮರಿಗಳನ್ನ ಬೇರೆ ಕಡೆ ಸಾಗಿಸುತ್ತೆ.

ನಾನು ದಿನಕ್ಕೆ ಮೂರು ಸಲ ಟಾರ್ಚ್ ಹಾಕ್ಕೊಂಡು ಅಟ್ಟ ಹತ್ತಿದ್ದೆ. ಮರಿಗಳನ್ನ ಕೈಗೆತ್ತಿ ಫೋಟೋ ತೆಗೆದಿದ್ದೆ. ನಾಲ್ಕನೇ ದಿನ ಅಟ್ಟ ಖಾಲಿ. ಎರಡು ಮರಿ ಹಿಂದಿನ ಬೀದಿಯ ಹಾಳು ಶೆಡ್‌ನಲ್ಲಿ ಕಾಣಿಸಿದ್ವು. ಮೂರನೇದು ಎಲ್ಲೂ ಇಲ್ಲ. ಮಧ್ಯದಲ್ಲಿ ರಸ್ತೆ ಇದೆ. ಆ ಫೋಟೋಗೆ ನೀವು ಕೊಟ್ಟ ಲೈಕ್ ನೋಡಿ ಖುಷಿಪಟ್ಟಿದ್ದೆ. ಈಗ ಅದನ್ನ ತೆಗೆದುಹಾಕಿದ್ದೀನಿ.

ಮರಿ ಕಂಡ್ರೆ ದೂರದಿಂದಲೇ ನೋಡಿ. ತಾಯಿಗೆ ನೀರು, ಊಟ ಇಟ್ಟು ಬಂದ್ಬಿಡಿ. ನಿಮ್ಮನೇಲಿ ಅಜ್ಜಿ-ತಾತ ಬೆಕ್ಕಿನ ಬಗ್ಗೆ ಏನು ಹೇಳ್ತಾರೆ? ಕನ್ನಡ, ತೆಲುಗು, ತಮಿಳು, ಯಾವುದ್ರಲ್ಲಾದ್ರೂ ಸರಿ, ಕಮೆಂಟ್ ಮಾಡಿ.

#ಬಂಗಾರಪೇಟೆ #ಕೆಜಿಎಫ್ #ಬೆಕ್ಕು