ಗೆರೆ ಎಳೆಯುವವರು

ನನ್ನ ಬುಲೆಟ್ ಟ್ಯಾಂಕ್ ಮೇಲೆ ಒಂದು ಚಿನ್ನದ ಬಣ್ಣದ ಗೆರೆ ಇದೆ. ವಿಜಯನಗರದಲ್ಲಿ ಪಾರ್ಕ್ ಮಾಡಿದ್ದಾಗ ಯಾರೋ ಪುಣ್ಯಾತ್ಮ ಅದನ್ನ ಗೀಚಿ ಹೋದ. ಟ್ಯಾಂಕೇ ಬದಲಾಯಿಸಬೇಕಾಗತ್ತೆ ಅಂತ ಕೆಲವರು ಹೆದರಿಸಿದರು. ಕೊನೆಗೆ ಗೆಳೆಯನೊಬ್ಬ ಕಾಮಾಕ್ಷಿಪಾಳ್ಯದ ಗಲ್ಲಿಯೊಂದಕ್ಕೆ ಕರಕೊಂಡು ಹೋದ. ಲೇತ್ ಮಷೀನುಗಳ ಸದ್ದಿನ ನಡುವೆ ಅರವತ್ತು ದಾಟಿದ ಪೇಂಟರ್ ಒಬ್ಬರು ಕೂತಿದ್ದರು. ಉದ್ದ ಕೂದಲಿನ ಸಣ್ಣ ಬ್ರಷ್ಷನ್ನ ಬಣ್ಣಕ್ಕೆ ಅದ್ದಿ, ಎಡಗೈ ಆಸರೆ ಕೊಟ್ಟು, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಗೆರೆ ಮುಗಿಸಿದರು. ಸ್ಕೇಲಿಲ್ಲ, ಟೇಪಿಲ್ಲ. ಇನ್ನೂರು ರೂಪಾಯಿ ಅಷ್ಟೆ.

ರಾಯಲ್ ಎನ್‌ಫೀಲ್ಡಿನವರ ಚೆನ್ನೈ ಫ್ಯಾಕ್ಟರಿಯಲ್ಲೂ ಈ ಗೆರೆಯನ್ನ ಕೈಯಲ್ಲೇ ಎಳೆಯೋದು ಅಂತ ಓದಿದ್ದೆ. ಈ ಕೆಲಸಕ್ಕೆ ಪಿನ್‌ಸ್ಟ್ರೈಪಿಂಗ್ ಅಂತಾರೆ. ಅದರ ಬೆನ್ನು ಹತ್ತಿ ಹೋದಾಗ ಸಿಕ್ಕಿದ ಒಂದು ಸಂಗತಿ ನನ್ನನ್ನ ಹಿಡಿದು ನಿಲ್ಲಿಸಿತು. ಅಮೆರಿಕದ ಕಾರ್ ಶೋಗಳಲ್ಲಿ ಈ ಗೆರೆ ಎಳೆಯುವವರು ಒಂದು ಕಡೆ ಗುಂಪಾಗಿ ಕೂರುತ್ತಾರೆ. ಯಾರೋ ತಂದುಕೊಟ್ಟ ತಗಡಿನ ಹಲಗೆ, ಹಳೇ ಸಲಿಕೆ, ಪೆಟ್ರೋಲ್ ಕ್ಯಾನು, ಹೀಗೆ ಕೈಗೆ ಸಿಕ್ಕಿದ್ದರ ಮೇಲೆಲ್ಲ ಜನರ ಎದುರೇ ಬಿಡಿಸುತ್ತಾರೆ. ಒಬ್ಬ ಶುರು ಮಾಡಿದ ಹಲಗೆಯನ್ನ ಇನ್ನೊಬ್ಬ ಮುಂದುವರಿಸುವುದೂ ಉಂಟು. ಬಣ್ಣ ಆರುವ ಹೊತ್ತಿಗೆ ಹರಾಜು ಕೂಗುತ್ತಾರೆ. ಬಂದ ದುಡ್ಡು ಮಕ್ಕಳ ಆಸ್ಪತ್ರೆಗೋ, ಆ ಊರಿನ ಯಾವುದೋ ಒಳ್ಳೆ ಕೆಲಸಕ್ಕೋ ಹೋಗತ್ತೆ. ಲಕ್ಷಾಂತರ ಡಾಲರಿನ ಕಾರುಗಳು ಮಿಂಚುತ್ತಾ ನಿಂತಿರುವ ಜಾಗದಲ್ಲಿ ಕೈ ಎತ್ತಿ ಕೊಡುವವರು ಬಣ್ಣ ಬಳಿಯುವ ಕೂಲಿಯವರು!

ಈ ಗೆರೆಯ ಮೂಲ ಕುದುರೆಗಾಡಿ. ಸಾರೋಟಿನ ಚಕ್ರಕ್ಕೆ, ಬಾಗಿಲಿಗೆ ಸಣ್ಣ ಗೆರೆ ಎಳೆದು ಅಂದ ಹೆಚ್ಚಿಸುತ್ತಿದ್ದರು. ಕಾರು ಬಂದಾಗ ಅದೇ ಕುಶಲಕರ್ಮಿಗಳು ಕಾರಿಗೂ ಎಳೆದರು. ಅಮೆರಿಕದ ದೊಡ್ಡ ಫ್ಯಾಕ್ಟರಿಗಳಲ್ಲಿ 1930ರ ದಶಕದ ಕೊನೆಗೆ ಆ ಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು. ಇಂಗ್ಲೆಂಡಿನ ರೋಲ್ಸ್ ರಾಯ್ಸ್‌ನಲ್ಲಿ ಇವತ್ತಿಗೂ ಇದೆ. ಅಲ್ಲಿ ಗೆರೆ ಎಳೆದು ಹೆಸರಾದ ಮಾರ್ಕ್ ಕೋರ್ಟ್ ಅನ್ನುವವರು ಮೊದಲು ಬೋರ್ಡ್ ಬರೆಯುವ ಪೇಂಟರ್ ಆಗಿದ್ದವರು.

ಸತ್ತಿದ್ದ ಗೆರೆಗೆ 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೀವ ಬಂತು. ಹುಡುಗರು ಹಳೇ ಫೋರ್ಡ್ ಕಾರುಗಳನ್ನ ಕಡಿದು ಕತ್ತರಿಸಿ ಹೊಸ ರೂಪ ಕೊಡುತ್ತಿದ್ದ ಕಾಲ ಅದು. 1950ರಲ್ಲಿ ಓಕ್ಲೆಂಡಿನಲ್ಲಿ, 1953ರಲ್ಲಿ ಡೆಟ್ರಾಯಿಟ್‌ನಲ್ಲಿ ಅಂಥ ಕಾರುಗಳ ದೊಡ್ಡ ಶೋಗಳು ಶುರುವಾದವು. ಕೆನೆತ್ ಹೊವಾರ್ಡ್ ಅನ್ನೋ ಬೋರ್ಡ್ ಪೇಂಟರ್ ಮಗ ‘ವಾನ್ ಡಚ್’ ಅಂತ ಹೆಸರಿಟ್ಟುಕೊಂಡು, ಬಾನೆಟ್ ಮೇಲೆ ಬಳ್ಳಿ ಹಬ್ಬಿದ ಹಾಗೆ ಗೆರೆ ಹರಿಸಿದ. ಎಡ್ ರಾತ್ ಶೋಗಳಲ್ಲೇ ಅಂಗಡಿ ಹಾಕಿ ಟೀ ಶರ್ಟ್ ಮೇಲೆ ರಾಕ್ಷಸರನ್ನ ಬರೆದು ಮಾರಿದ. ಜನರ ಮುಂದೆ ಕೂತು ಬರೆಯೋದೇ ಒಂದು ಆಟವಾಯಿತು. ಸಹಾಯದ ಹರಾಜಿಗೆ ಬೇಕಾದ್ದೂ ಅದೇ ತಾನೇ? ಕಣ್ಣೆದುರೇ ಹುಟ್ಟಿದ ವಸ್ತುವಿಗೆ ಜನ ಜೇಬು ಬೇಗ ಬಿಚ್ಚುತ್ತಾರೆ.

ಇದನ್ನ ಓದುವಾಗ ನನಗೆ ನೆನಪಾದದ್ದು ಮಂಡ್ಯ ಕಡೆಯ ನಮ್ಮೂರು. ಮೈಕ್ ಕಟ್ಟಿದ ಅಂಬಾಸಿಡರ್ ಕಾರು ಧೂಳೆಬ್ಬಿಸಿಕೊಂಡು ಬರೋದು. ಕಿಟಕಿಯಿಂದ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ ಹಾರಿಸೋರು, ನಾವು ಹಿಂದೆ ಓಡೋದು. ‘ಶಾಲಾ ಕಾಂಪೌಂಡಿನ ಸಹಾಯಾರ್ಥ ಕುರುಕ್ಷೇತ್ರ ನಾಟಕ.’ ಸಹಾಯಾರ್ಥ ಅನ್ನೋ ಪದ ಕಲಿತದ್ದೇ ಆ ಬಿಲ್ಲಿನಿಂದ. ದುರ್ಯೋಧನ ಒಂದು ಒಳ್ಳೆ ಹಾಡು ಹೇಳಿದರೆ ಆಟ ಅಲ್ಲಿಗೇ ನಿಲ್ಲೋದು. ಯಾರೋ ಸ್ಟೇಜ್ ಹತ್ತಿ ಹಾರ ಹಾಕಿ ನೂರಾ ಒಂದು ರೂಪಾಯಿ ಕೊಡೋರು, ಮೈಕಿನಲ್ಲಿ ಹೆಸರು ಕೂಗೋರು. ಹೆಸರು ಕೇಳಿದ್ದೇ ಪಕ್ಕದ ಕೇರಿಯವನಿಗೆ ಮಾನ ಹೋಗಿ ನೂರೈವತ್ತು! ಡೆಟ್ರಾಯಿಟ್ ಹರಾಜಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ ನನಗೆ.

ಕಲಾವಿದರು ತಮಗೋಸ್ಕರವೇ ಹೀಗೆ ಹೊರಟದ್ದೂ ಉಂಟು. ಮದ್ರಾಸಿನಲ್ಲಿ ಕನ್ನಡ ಚಿತ್ರಗಳ ಕೆಲಸ ಕಡಿಮೆಯಾದಾಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಕಲಾವಿದರ ಸಂಘ ಕಟ್ಟಿ ಊರೂರಲ್ಲಿ ನಾಟಕ ಆಡಿದರು. 1960ರ ‘ರಣಧೀರ ಕಂಠೀರವ’ ಬಂದದ್ದು ಆ ಸಂಘದಿಂದಲೇ. ನಾಲ್ವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಕೆಂಗೇರಿ ಹತ್ತಿರದ ಅಭಿಮಾನ್ ಸ್ಟುಡಿಯೋ ಕಟ್ಟಿದ್ದು ಇದೇ ಬಾಲಣ್ಣ.

ಗೆರೆ ಎಳೆಯುವವರಿಗೆ ಅಂಥ ಸಂಘದ ನೆರವು ಸಿಕ್ಕಂತೆ ಕಾಣಲ್ಲ. ವಾನ್ ಡಚ್ ಕೊನೆಗಾಲದಲ್ಲಿ ಒಂದು ಬಸ್ಸಿನಲ್ಲಿ ವಾಸವಾಗಿದ್ದ. 1992ರಲ್ಲಿ ಸತ್ತ. ಆಮೇಲೆ ಮಕ್ಕಳು ಅವನ ಹೆಸರನ್ನ ಮಾರಿದರು. 2000ದ ದಶಕದಲ್ಲಿ ಆ ಹೆಸರಿನ ಟೋಪಿಗಳನ್ನ ಹಾಲಿವುಡ್ ತಾರೆಯರು ಹಾಕಿಕೊಂಡು ತಿರುಗಿದರು. ಈಗಲೂ ಆನ್‌ಲೈನ್‌ನಲ್ಲಿ ಸಿಗತ್ತೆ, ನಮ್ಮ ಟೀಮಿನಲ್ಲೇ ಒಬ್ಬನ ಹತ್ತಿರ ಇದೆ. ಯಾರ ಹೆಸರು ಅಂತ ಕೇಳಿದೆ. ‘ಯಾವುದೋ ಡಚ್ ಕಂಪನಿ ಇರಬೇಕು ಬಿಡೋ’ ಅಂದ.

ಮೊನ್ನೆ ಶ್ರೀರಂಗಪಟ್ಟಣದ ಹತ್ತಿರ ಇರುವ ‘ಪಯಣ’ ಕಾರ್ ಮ್ಯೂಸಿಯಮ್ಮಿಗೆ ಹೋಗಿದ್ದೆ. ಧರ್ಮಸ್ಥಳದವರ ಸಂಗ್ರಹ, ಚೆನ್ನಾಗಿ ಇಟ್ಟಿದ್ದಾರೆ. ಎಲ್ಲರೂ ಎಂಜಿನ್ ನೋಡುತ್ತಿದ್ದರೆ ನಾನು ಬಾಗಿಲ ಅಂಚಿನ ಗೆರೆ ಹುಡುಕುತ್ತಾ ಬಗ್ಗಿ ಬಗ್ಗಿ ನಡೆದೆ. ಹೆಂಡತಿ ಎರಡು ಸಲ ‘ಏನು ಬಿದ್ದೋಯ್ತು’ ಅಂತ ಕೇಳಿದಳು.

ಬಂದಮೇಲೆ ಕಾಮಾಕ್ಷಿಪಾಳ್ಯದ ಯಜಮಾನರಿಗೆ ಫೋನಿನಲ್ಲಿ ಆ ಅಮೆರಿಕದ ಹರಾಜಿನ ವಿಡಿಯೋ ತೋರಿಸಿದೆ. ಪೂರ್ತಿ ನೋಡಿದರು. ಮೊದಲು ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು ಅವರು. ಫ್ಲೆಕ್ಸ್ ಬಂದಮೇಲೆ ಆ ಕೆಲಸ ಹೋಯಿತು. 2009ರಲ್ಲಿ ಬಿಬಿಎಂಪಿ ನಗರದ ಗೋಡೆಗಳಿಗೆ ಬ್ಯಾನರ್ ಕಲಾವಿದರಿಂದ ಚಿತ್ರ ಬರೆಸಿದಾಗ ಒಂದಷ್ಟು ದಿನ ಕೂಲಿ ಸಿಕ್ಕಿತ್ತಂತೆ. 2018ರಲ್ಲಿ ಫ್ಲೆಕ್ಸ್ ನಿಷೇಧ ಆದಾಗ ಮತ್ತೆ ಬ್ರಷ್ ತೊಳೆದು ಇಟ್ಟುಕೊಂಡು ಕಾದರಂತೆ.

‘ಇಲ್ಲೂ ಒಂದು ಕಾರ್ ಶೋನಲ್ಲಿ ಕೂರ್ತೀರಾ ಯಜಮಾನ್ರೇ, ಬಂದ ದುಡ್ಡನ್ನ ಯಾವುದಾದ್ರೂ ಆಸ್ಪತ್ರೆಗೆ ಕೊಡೋಣ’ ಅಂದೆ.

‘ಕೂರ್ತೀನಿ ಸಾರ್. ಅವತ್ತಿನ ಕೂಲಿ ಯಾರು ಕೊಡ್ತಾರೆ ಹೇಳಿ’ ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: ಬೀದಿಯ ರಾಜ್ಯೋತ್ಸವಕ್ಕೆ ಇಪ್ಪತ್ತು ವರ್ಷ ಭುವನೇಶ್ವರಿಯ ಚಿತ್ರವನ್ನ ಬಿಟ್ಟಿಯಾಗೇ ಬರೆದುಕೊಟ್ಟಿದ್ದರಂತೆ. ಹೋದ ನವೆಂಬರಿನಲ್ಲಿ ಹುಡುಗರು ಅದನ್ನೂ ಪ್ರಿಂಟ್ ಹಾಕಿಸಿಕೊಂಡು ಬಂದರಂತೆ.