ಜೀವಂತ ಹನಿಯ ಸಾಕ್ಷ್ಯ: ವಾಲ್ವಾಕ್ಸ್ ವೀಕ್ಷಣೆಯ ಕುರಿತು

ಕೆರೆಯ ನೀರು ತಂದೊಡನೆ ಫಾರ್ಮಲಿನ್ ಬೆರೆಸಿಟ್ಟು, ಬಿಡುವಾದಾಗ ಸೂಕ್ಷ್ಮದರ್ಶಕದಡಿ ನೋಡುವ ರೂಢಿ ಪ್ರಯೋಗಾಲಯಗಳಲ್ಲಿದೆ. ಎಣಿಕೆಗೆ ಅಷ್ಟು ಸಾಕು. ಶೈವಲದ ಬದುಕನ್ನು ಅರಿಯಲು ಮಾತ್ರ ಜೀವಂತ ಹನಿಯೇ ಬೇಕು ಎಂಬುದು ಈ ಲೇಖನದ ವಾದ.

ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ 1674ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಬರ್ಕೆಲ್ಸೆ ಸರೋವರದ ಪ್ರಸ್ತಾಪವಿದೆ. ಬೇಸಿಗೆಯಲ್ಲಿ ಆ ನೀರು ಬೆಳ್ಳಗಾಗಿ ಹಸಿರು ತೇಲುವುದು ಇಬ್ಬನಿಯಿಂದ ಎಂದು ಹಳ್ಳಿಗರು ನಂಬಿದ್ದರು. ಆತ ನೀರನ್ನು ಬಾಟಲಿಯಲ್ಲಿ ತಂದು ಮರುದಿನ ಒಂಟಿ ಮಸೂರದಲ್ಲಿ ನೋಡಿದ. ಸುರುಳಿ ಸುತ್ತಿದ ಹಸಿರು ಪಟ್ಟಿಗಳು ಕಂಡವು. ಅವನ್ನು ಸಾಮಾನ್ಯವಾಗಿ ಸ್ಪೈರೋಗೈರ ಎಂದು ಗುರುತಿಸುತ್ತಾರೆ. ಆತನ 1700ರ ಪತ್ರದಲ್ಲಿ ಗೋಳಾಕಾರದ ಹಸಿರು ಶೈವಲ ವಾಲ್ವಾಕ್ಸ್ ಬಂದಿದೆ. ದೊಡ್ಡ ಗೋಳದೊಳಗೆ ಚಿಕ್ಕ ಗೋಳಗಳಿದ್ದುದನ್ನೂ, ತಾಯಿಗೋಳ ಒಡೆದು ಅವು ಹೊರಬಂದುದನ್ನೂ ಆತ ಕಂಡಿದ್ದ. ನೀರನ್ನು ಗಾಜಿನ ನಳಿಗೆಯಲ್ಲಿ ಜೀವಂತವಾಗಿ ಉಳಿಸಿಕೊಂಡದ್ದರಿಂದಲೇ ಇದು ಸಾಧ್ಯವಾಯಿತು.

ಆದರೆ ಮರಿಗೋಳಗಳ ಬೆಳವಣಿಗೆಯಲ್ಲಿ ಇನ್ನೊಂದು ಘಟ್ಟವಿದೆ. ಕೋಶವಿಭಜನೆ ಮುಗಿದಾಗ ಮರಿಯ ಕಶಾಂಗಗಳು ಮೂಡಬೇಕಾದ ತುದಿಗಳೆಲ್ಲ ಒಳಮುಖವಾಗಿರುತ್ತವೆ. ಹಾಗೆಯೇ ಉಳಿದರೆ ಅದು ಈಜಲಾರದು. ಆಗ ಒಂದು ಕಡೆಯ ಬಿರುಕಿನ ಅಂಚುಗಳು ಹಿಂದಕ್ಕೆ ಮಡಚಿ, ಬಟ್ಟೆಯ ಚೀಲವನ್ನು ಒಳಮೈ ಹೊರಗಾಗುವಂತೆ ತಿರುಗಿಸಿದ ಹಾಗೆ, ಇಡೀ ಗೋಳ ಮಗುಚಿಕೊಳ್ಳುತ್ತದೆ. ವಾಲ್ವಾಕ್ಸ್ ಕಾರ್ಟೆರಿ ಎಂಬ ಪ್ರಭೇದದಲ್ಲಿ ಇದಕ್ಕೆ ಸುಮಾರು 45 ನಿಮಿಷ ಹಿಡಿಯುತ್ತದೆ. ಫಾರ್ಮಲಿನ್‌ನಲ್ಲಿ ಸತ್ತ ಮರಿ ಅರ್ಧ ಮಡಚಿ ನಿಂತಿದ್ದರೆ, ನೋಡುವವರು ಅದನ್ನು ಕುಗ್ಗಿಹೋದ ಮಾದರಿಯೆಂದು ಬದಿಗಿಡುವ ಸಾಧ್ಯತೆಯೇ ಹೆಚ್ಚು.

ವೀಕ್ಷಣೆಗೆ ಹೆಚ್ಚಿನ ವರ್ಧನೆ ಬೇಡ; 10x ವಸ್ತುಮಸೂರ ಸಾಕು. ಸಮತಟ್ಟಾದ ಸ್ಲೈಡಿನ ಮೇಲೆ ಕವರ್ ಸ್ಲಿಪ್ ಇಟ್ಟರೆ ಗೋಳ ಅಪ್ಪಚ್ಚಿಯಾಗುತ್ತದೆ. ಕುಳಿಯಿರುವ ಸ್ಲೈಡ್ ಸಿಗದಿದ್ದರೆ ಕವರ್ ಸ್ಲಿಪ್‌ನ ನಾಲ್ಕು ಮೂಲೆಗಳಿಗೂ ವ್ಯಾಸಲೀನ್ ಚುಕ್ಕೆ ಹಚ್ಚಿ ಎತ್ತರಿಸಿಕೊಳ್ಳಬಹುದು. ದೀಪವನ್ನು ತಗ್ಗಿಸಿಡಬೇಕು, ಏಕೆಂದರೆ ಬೆಳಕಿಗೆ ತಕ್ಕಂತೆ ವಾಲ್ವಾಕ್ಸ್ ತನ್ನ ಚಲನೆಯನ್ನೇ ಬದಲಿಸುತ್ತದೆ.

ಪ್ರಭೇದ ನಿರ್ಣಯದಲ್ಲಿ ಸಂರಕ್ಷಿತ ಮಾದರಿಗೂ ಸ್ಥಾನವಿದೆ. ಲೈಂಗಿಕ ಹಂತದಲ್ಲಿ ಮೂಡುವ ಯುಗ್ಮಾಣುಕೋಶಕ್ಕೆ ವಾಲ್ವಾಕ್ಸ್ ಗ್ಲೋಬೇಟರ್‌ನಲ್ಲಿ ಮುಳ್ಳಿನಂಥ ಕವಚ, ವಾಲ್ವಾಕ್ಸ್ ಆರಿಯಸ್‌ನಲ್ಲಿ ನುಣುಪಾದುದು. ಇವು ಫಾರ್ಮಲಿನ್‌ನಲ್ಲೂ ಕೆಡವು. ಮದರಾಸಿನ ಎಂ.ಓ.ಪಿ. ಅಯ್ಯಂಗಾರ್ 1933ರಲ್ಲಿ ದಕ್ಷಿಣ ಭಾರತದ ಸಮೂಹಜೀವಿ ವಾಲ್ವೊಕೇಲೀಸ್ (ವಾಲ್ವಾಕ್ಸ್ ಸೇರಿರುವ) ಗುಂಪಿನ ಬಗ್ಗೆ ಪ್ರಕಟಿಸಿದ ಪ್ರಬಂಧ ಇಂದಿಗೂ ನಮಗೆ ಆಧಾರ. ಲೈಂಗಿಕ ಹಂತ ಕಾಣದ ಮಾದರಿಗೆ ಅವಸರದಲ್ಲಿ ಹೆಸರಿಡಬಾರದು. ಅದೇ ನೀರಿನ ಒಂದು ಪಾಲನ್ನು ನೇರ ಬಿಸಿಲು ತಾಕದ ಕಿಟಕಿಯ ಬಳಿ ಜಾಡಿಯಲ್ಲಿಟ್ಟು, ಯುಗ್ಮಾಣುಕೋಶ ಮೂಡುವುದೇ ಎಂದು ದಿನವೂ ಪರೀಕ್ಷಿಸುತ್ತಿರಬೇಕು.