ಬ್ಲ್ಯಾಕ್ ಸಬ್ಬಾತ್‌ನ ಮೊದಲ ಆಲ್ಬಂ: ವಿಮರ್ಶಕರ ಕಿವಿಗೆ ಬಿದ್ದದ್ದೇನು?

1970ರ ಫೆಬ್ರವರಿ 13, ಶುಕ್ರವಾರ. ಬ್ಲ್ಯಾಕ್ ಸಬ್ಬಾತ್ ತಂಡದ ಅದೇ ಹೆಸರಿನ ಆಲ್ಬಂ ಇಂಗ್ಲೆಂಡಿನಲ್ಲಿ ಬಿಡುಗಡೆಯಾಯಿತು. ಅಂದೇ ಹೆವಿ ಮೆಟಲ್ ಹುಟ್ಟಿತು, ವಿಮರ್ಶಕರಿಗೆ ಮಾತ್ರ ಅದು ತಿಳಿಯಲಿಲ್ಲ ಎಂದು ರಾಕ್ ಚರಿತ್ರೆಗಳು ಹೇಳುತ್ತ ಬಂದಿವೆ. ಮೊದಲ ಮಾತನ್ನು ಒಪ್ಪಬಹುದು. ಎರಡನೆಯದನ್ನು ಆಲ್ಬಂ ಕೇಳಿಯೇ ಪರಿಶೀಲಿಸಬೇಕು.

ಟೋನಿ ಅಯೋಮಿ, ಗೀಜರ್ ಬಟ್ಲರ್, ಬಿಲ್ ವಾರ್ಡ್, ಓಝಿ ಆಸ್ಬೋರ್ನ್, ತಂಡದ ನಾಲ್ವರೂ ಕಾರ್ಖಾನೆಗಳ ಊರಾದ ಬರ್ಮಿಂಗ್‌ಹ್ಯಾಮಿನವರು. ಮೊದಲು ‘ಅರ್ಥ್’ ಎಂಬ ಹೆಸರಿನಲ್ಲಿ ಬ್ಲೂಸ್ ನುಡಿಸುತ್ತಿದ್ದರು. 1969ರ ಅಕ್ಟೋಬರ್ 16ರಂದು ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ, ನಿರ್ಮಾಪಕ ರಾಜರ್ ಬೇನ್ ಉಸ್ತುವಾರಿಯಲ್ಲಿ, ವೇದಿಕೆಯ ಮೇಲೆ ನುಡಿಸುವ ಹಾಗೆಯೇ ನುಡಿಸಿ ಒಂದೇ ದಿನದಲ್ಲಿ ಧ್ವನಿಮುದ್ರಣ ಮುಗಿಸಿದರು. ಆರಂಭದ ಮಳೆ, ಗುಡುಗು, ಗಂಟೆಯ ಸದ್ದು ಆಮೇಲೆ ಸೇರಿದ್ದು.

ಗಿಟಾರ್ ನುಡಿಸುವ ಅಯೋಮಿ 17ರ ವಯಸ್ಸಿನಲ್ಲಿ ತಗಡು ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡಿದ್ದರು. ಎಡಚರಾದ ಕಾರಣ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ತೆಳು ತಂತಿ ಕಟ್ಟಿದರು. ಗಿಟಾರಿನ ಶ್ರುತಿಯನ್ನು ತಗ್ಗಿಸಿದ್ದರಿಂದಲೇ ಈ ಆಲ್ಬಂಗೆ ಆ ಭಾರ ಬಂತೆಂದು ಹಲವರು ಬರೆಯುತ್ತಾರೆ. ಅದು ಸರಿಯಲ್ಲ. ಶ್ರುತಿ ಗಮನಾರ್ಹವಾಗಿ ಇಳಿದದ್ದು 1971ರ ಮೂರನೆಯ ಆಲ್ಬಂನಲ್ಲಿ. ಇಲ್ಲಿನ ಭಾರ ನಿಧಾನ ಲಯದಿಂದ, ಸ್ವರಗಳ ನಡುವಿನ ಖಾಲಿ ಜಾಗದಿಂದ ಬಂದದ್ದು. ಶೀರ್ಷಿಕೆ ಗೀತೆಯ ಗಿಟಾರ್ ಷಡ್ಜದಿಂದ ಮೇಲಿನ ಷಡ್ಜಕ್ಕೆ ಹೋಗಿ ಪ್ರತಿಮಧ್ಯಮಕ್ಕೆ ಇಳಿದು ನಿಲ್ಲುತ್ತದೆ. ಕಲ್ಯಾಣಿ ಕೇಳಿ ಬೆಳೆದ ಕಿವಿಗೆ ಪ್ರತಿಮಧ್ಯಮ ಹೆದರಿಸುವ ಸ್ವರವೇ ಅಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಮಾತ್ರ ಈ ಅಂತರಕ್ಕೆ ಸೈತಾನನ ನಂಟು ಅಂಟಿಕೊಂಡಿದೆ. ಆಲ್ಬಂ ಹೊದಿಕೆಯ ಒಳಮಡಿಕೆಯಲ್ಲಿ ರೆಕಾರ್ಡ್ ಕಂಪನಿಯವರು ತಲೆಕೆಳಗಾದ ಶಿಲುಬೆ ಅಚ್ಚು ಹಾಕಿ ಆ ನಂಟನ್ನು ಇನ್ನಷ್ಟು ಬಿಗಿಗೊಳಿಸಿದರು. ತಂಡಕ್ಕೆ ಅದು ಹಿಡಿಸಲಿಲ್ಲ.

‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಆಲ್ಬಂ ಅನ್ನು ಜರೆದರು, ಬ್ಲೂಸ್ ರಾಕ್ ತಂಡ ಕ್ರೀಮ್‌ನ ಕಳಪೆ ಅನುಕರಣೆಯೆಂದು ಕಂಡರು. ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌಗೂ ಇಷ್ಟವಾಗಲಿಲ್ಲ. ಆದರೆ ಕ್ರೀಮ್ ನೆನಪಾದದ್ದು ಅಕಾರಣವಲ್ಲ. ‘ದಿ ವಿಝರ್ಡ್’ ಶುರುವಾಗುವುದೇ ಹಾರ್ಮೋನಿಕಾದಿಂದ. ಬ್ರಿಟಿಷ್ ಆವೃತ್ತಿಯ ‘ಈವಿಲ್ ವುಮನ್’, ‘ವಾರ್ನಿಂಗ್’ ಎರಡೂ ಬೇರೆ ತಂಡಗಳಿಂದ ತಂದ ಹಾಡುಗಳು. ಹತ್ತು ನಿಮಿಷ ದಾಟುವ ‘ವಾರ್ನಿಂಗ್’ನಲ್ಲಿನ ಗಿಟಾರ್ ವಿಹಾರ ಆ ಕಾಲದ ಬ್ಲೂಸ್ ರಾಕ್‌ನ ಚಾಳಿಯೇ, ಇಂದು ಕೇಳಿದರೂ ಎಳೆದಂತೆನಿಸುತ್ತದೆ. ವಿಮರ್ಶಕರು ಕೇಳಿದ್ದು ಆಲ್ಬಂನಲ್ಲಿ ನಿಜಕ್ಕೂ ಇತ್ತು. ಅವರು ಎಡವಿದ್ದು ಶೀರ್ಷಿಕೆ ಗೀತೆಯನ್ನೂ ಅದೇ ಅಳತೆಗೋಲಿನಿಂದ ಅಳೆದಾಗ. ಹೊಸತು ಇದ್ದದ್ದು ಅಲ್ಲಿ.

ಕೊಳ್ಳುವವರು ವಿಮರ್ಶೆಗೆ ಕಾಯಲಿಲ್ಲ. ಆಲ್ಬಂ ಬ್ರಿಟನ್ನಿನಲ್ಲಿ 8ನೇ ಸ್ಥಾನಕ್ಕೆ, ಅಮೆರಿಕದಲ್ಲಿ 23ನೇ ಸ್ಥಾನಕ್ಕೆ ಏರಿತು. ಬ್ಯಾಂಗ್ಸ್ ವಿಮರ್ಶೆ ಅಚ್ಚಾದ 1970ರ ಸೆಪ್ಟೆಂಬರಿನಲ್ಲೇ ತಂಡದ ಎರಡನೆಯ ಆಲ್ಬಂ ‘ಪ್ಯಾರನಾಯ್ಡ್’ ಬ್ರಿಟನ್ನಿನ ಅಂಗಡಿಗಳಿಗೆ ಬಂದಿತ್ತು. 2017ರಲ್ಲಿ ಅದೇ ‘ರೋಲಿಂಗ್ ಸ್ಟೋನ್’ ಸಾರ್ವಕಾಲಿಕ ಶ್ರೇಷ್ಠ ಮೆಟಲ್ ಆಲ್ಬಂಗಳ ಪಟ್ಟಿ ಮಾಡಿದಾಗ ‘ಪ್ಯಾರನಾಯ್ಡ್’ಗೆ ಮೊದಲ ಸ್ಥಾನ ಕೊಟ್ಟಿತು, ಹಿಂದೆ ಜರೆದಿದ್ದ ಆಲ್ಬಂಗೆ ಐದನೆಯದು.